ಎಡಗಾಲಿನ ಆಟಗಾರ ಹಾಡಿದಾಗ

(ಕಾಲೇಜೊಂದರ ಕ್ರೀಡಾ ದಿನದಂದು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಮಾರ್ಟನ್ ಗಾಮ್ಸ್ಟ್ ಪೆಡರ್ಸನ್ ಎಂಬ ನಾರ್ವೆಯ ಫುಟ್‌ಬಾಲ್ ಆಟಗಾರನ ಬಗ್ಗೆ. ನಿಮ್ಮಲ್ಲಿ ಹೆಚ್ಚಿನವರಿಗೆ ನಾರ್ವೆ ಅಂದ ಕೂಡಲೇ ಗೋಲುಗಳ ಸುರಿಮಳೆ ಸುರಿಸುವ ಎರ್ಲಿಂಗ್ ಹಾಲಂಡ್ ಎಂಬ ಆಟಗಾರ ನೆನಪಾಗ್ತಾನೆ, ಅದು ಸಹಜ. ಅವನ ಮಾತೂ ಬರುತ್ತೆ, ಯಾಕೆಂದರೆ ಅವನೂ ಹಾಡಿದವನೇ. ಆದರೆ ಹಾಲಂಡ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುತ್ತಿದ್ದ ನಮ್ಮಂಥವರಿಗೆ ನಾರ್ವೆ ಅಂದರೆ ಗಾಮ್ಸ್ಟ್. ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದ ಎಡಬದಿಯಲ್ಲಿ ಉದ್ದ ಕೂದಲು ಹಾರಿಸಿಕೊಂಡು ಓಡುತ್ತಿದ್ದ, ಎಡಗಾಲಿನಿಂದ ಚೆಂಡನ್ನು ತಿರುಗಿಸಿ ಒದೆಯುತ್ತಿದ್ದ ಆ ಹುಡುಗ. 2006ರಲ್ಲಿ ಅವನು ಇನ್ನೂ ನಾಲ್ಕು ಜನ ಆಟಗಾರರ ಜೊತೆ ಸೇರಿ ಒಂದು ಬಾಯ್‌ಬ್ಯಾಂಡ್ ಮಾಡಿದ. ಹೌದು, ಬಾಯ್‌ಬ್ಯಾಂಡ್, ಅಂದರೆ ಹುಡುಗರೇ ಸೇರಿ ಪಾಪ್ ಹಾಡುವ ತಂಡ. ಐದು ಜನ ವೃತ್ತಿಪರ ಫುಟ್‌ಬಾಲಿಗರು, ಒಂದು ಪಾಪ್ ಹಾಡು.

ಎರಡು ದೋಣಿಯ ಮೇಲೆ ಕಾಲಿಟ್ಟವನು ನೀರಿಗೆ ಬೀಳ್ತಾನೆ ಅಂತ ನಮ್ಮಲ್ಲಿ ಹೇಳ್ತಾರೆ. ಮನೆಯಲ್ಲಿ ಹೇಳ್ತಾರೆ, ಮೇಷ್ಟ್ರು ಹೇಳ್ತಾರೆ, ಕೋಚ್ ಅಂತೂ ದಿನಾ ಹೇಳ್ತಾರೆ. ನೀವೂ ಕೇಳಿರುತ್ತೀರಿ. ಈ ಮಾತನ್ನು ಪೂರ್ತಿ ಸುಳ್ಳು ಅನ್ನೋಕೆ ನಾನು ಬಂದಿಲ್ಲ. ಆದರೆ ಗಾಮ್ಸ್ಟ್‌ನ ವಿಷಯದಲ್ಲಿ ಇದು ನಿಜವಾಯಿತಾ ಅಂತ ವರ್ಷಗಳನ್ನು, ಪಂದ್ಯಗಳನ್ನು ಇಟ್ಟುಕೊಂಡು ನೋಡೋಣ. ನನ್ನ ಪ್ರಕಾರ ಆಗಲಿಲ್ಲ. ಅವನ ಆಟದ ಬದುಕಿನಲ್ಲಿ ಏರು ಇತ್ತು, ಇಳಿವೂ ಇತ್ತು. ಆ ಇಳಿವಿಗೆ ಕಾರಣಗಳೂ ಇದ್ದವು. ಆ ಕಾರಣಗಳಲ್ಲಿ ಹಾಡು ಇಲ್ಲ.

ಮೊದಲು ಊರು. ಅವನು ಹುಟ್ಟಿದ್ದು 1981ರ ಸೆಪ್ಟೆಂಬರ್ 8ರಂದು, ವಾಡ್ಸೊ ಎಂಬ ಊರಿನಲ್ಲಿ. ನಾರ್ವೆಯ ನಕ್ಷೆ ತೆಗೆದು ಮೇಲೆ ಮೇಲೆ ಹೋಗಿ, ಇನ್ನು ಮೇಲೆ ಜಾಗವೇ ಇಲ್ಲ ಅನ್ನುವ ಕಡೆ ಬಲಕ್ಕೆ ತಿರುಗಿದರೆ ಫಿನ್‌ಮಾರ್ಕ್ ಸಿಗುತ್ತೆ. ಅಲ್ಲಿ ಸಮುದ್ರದ ದಂಡೆಯಲ್ಲಿದೆ ಈ ಪುಟ್ಟ ಊರು. ರಷ್ಯಾ, ಫಿನ್‌ಲ್ಯಾಂಡ್ ಎರಡೂ ಹತ್ತಿರ. ಧ್ರುವ ಪ್ರದೇಶಕ್ಕೆ ಹೊರಟ ನಾರ್ವೆಯ ಅನ್ವೇಷಕ ಅಮುಂಡ್ಸೆನ್‌ರ ವಾಯುನೌಕೆಯನ್ನು 1926ರಲ್ಲಿ ಇಲ್ಲೇ ಒಂದು ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದರು. ಆ ಕಂಬ ಇವತ್ತಿಗೂ ಇದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಮುಳುಗುವುದಿಲ್ಲ. ಇಂಥ ಊರಿನಲ್ಲಿ ಹುಲ್ಲಿನ ಮೈದಾನ ಅಂದರೆ ವರ್ಷದಲ್ಲಿ ಕೆಲವೇ ತಿಂಗಳ ಮಾತು. ಇಲ್ಲಿಂದ ಒಬ್ಬ ಹುಡುಗ ಪ್ರೀಮಿಯರ್ ಲೀಗ್‌ವರೆಗೆ ಹೋದ ಅಂದರೆ ಅದು ಸಣ್ಣ ವಿಷಯ ಅಲ್ಲ.

ಅವನ ಅಪ್ಪ ಅರ್ನ್‌ಸ್ಟ್ ಪೆಡರ್ಸನ್ ಫುಟ್‌ಬಾಲ್ ಕೋಚ್. ಮನೆಯಲ್ಲೇ ಪಾಠ. ಮನೆತನ ಸಾಮಿ. ಸಾಮಿ ಅಂದರೆ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾಗಳ ಉತ್ತರ ತುದಿಯ ಮೂಲನಿವಾಸಿಗಳು. ಹಿಮಸಾರಂಗ ಸಾಕುವವರು ಅಂತ ಫೋಟೋಗಳಲ್ಲಿ ನೋಡಿರುತ್ತೀರಿ, ಆದರೆ ಕರಾವಳಿಯಲ್ಲಿ ಮೀನು ಹಿಡಿದು ಬದುಕಿದ ಸಾಮಿಗಳೂ ಇದ್ದಾರೆ. ನಾರ್ವೆ ಸರ್ಕಾರ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಜನರನ್ನು ನಾರ್ವೇಜಿಯನ್ನರನ್ನಾಗಿ ಮಾಡಿಬಿಡಬೇಕು ಅಂತ ಪಟ್ಟು ಹಿಡಿಯಿತು. ಶಾಲೆಗಳಲ್ಲಿ ಅವರ ಭಾಷೆಯನ್ನು ತಡೆದರು. ಯೋಯ್ಕ್ ಅಂತ ಅವರದೊಂದು ಹಾಡುವ ಕ್ರಮ ಇದೆ, ಅನೇಕ ಯೋಯ್ಕ್‌ಗಳಲ್ಲಿ ಪದವೇ ಇರುವುದಿಲ್ಲ, ಒಬ್ಬ ವ್ಯಕ್ತಿಯನ್ನೋ ಪ್ರಾಣಿಯನ್ನೋ ಬೆಟ್ಟವನ್ನೋ ಬರೀ ದನಿಯಿಂದ ಎದುರಿಗೆ ತಂದು ನಿಲ್ಲಿಸುತ್ತಾರೆ. ಅದನ್ನು ಚರ್ಚಿನವರು ಪಾಪ ಅಂದರು. 2024ರ ನವೆಂಬರ್‌ನಲ್ಲಿ ನಾರ್ವೆಯ ಸಂಸತ್ತು ಇದಕ್ಕೆಲ್ಲ ಕ್ಷಮೆ ಕೇಳಿತು. ಗಾಮ್ಸ್ಟ್ ಹಾಡಿದ್ದು ಯೋಯ್ಕ್ ಅಲ್ಲ, ಪಕ್ಕಾ ಪಾಪ್. ಎರಡನ್ನೂ ಸೇರಿಸಿ ಕಥೆ ಕಟ್ಟುವುದು ಸರಿಯಲ್ಲ. ಆದರೆ ಹಾಡುವುದೇ ತಪ್ಪು ಅಂತ ಹೇಳಿಸಿಕೊಂಡ ಜನರ ಮನೆಯಿಂದ ಬಂದವನು ದೇಶದ ಮುಂದೆ ನಿಂತು ಹಾಡಿದ ಅನ್ನುವುದು ನನಗೆ ಮುಖ್ಯ ಅನ್ನಿಸುತ್ತೆ.

ವಾಡ್ಸೊದಿಂದ ಅವನು 2000ದಲ್ಲಿ ಟ್ರೊಮ್ಸೊಗೆ ಬಂದ. ಅದೂ ಉತ್ತರದ ಊರೇ, ಸ್ವಲ್ಪ ದೊಡ್ಡದು, ಅಷ್ಟೇ. ಅಲ್ಲಿ ನಾಲ್ಕು ವರ್ಷ ಆಡಿದ. 2004ರ ಫೆಬ್ರವರಿಯಲ್ಲಿ ನಾರ್ವೆ ಪರ ಮೊದಲ ಪಂದ್ಯ, ಉತ್ತರ ಐರ್ಲೆಂಡ್ ವಿರುದ್ಧ, ಬೆಲ್‌ಫಾಸ್ಟ್‌ನಲ್ಲಿ. ಎರಡು ಗೋಲು ಹೊಡೆದ. ನಾರ್ವೆ 4–1ರಿಂದ ಗೆದ್ದಿತು. ಅದೇ ಆಗಸ್ಟ್‌ನಲ್ಲಿ ಬ್ಲ್ಯಾಕ್‌ಬರ್ನ್ 15 ಲಕ್ಷ ಪೌಂಡ್ ಕೊಟ್ಟು ಅವನನ್ನು ಕರೆಸಿಕೊಂಡಿತು. ಕರೆಸಿಕೊಂಡ ಮ್ಯಾನೇಜರ್ ಗ್ರೇಮ್ ಸೂನೆಸ್ ಕೆಲವೇ ದಿನಗಳಲ್ಲಿ ನ್ಯೂಕ್ಯಾಸಲ್‌ಗೆ ಹೊರಟುಹೋದ. ಹೊಸದಾಗಿ ಬಂದವನು ಮಾರ್ಕ್ ಹ್ಯೂಸ್. ಮೊದಲ ಕೆಲವು ತಿಂಗಳು ಗಾಮ್ಸ್ಟ್‌ಗೆ ಅವಕಾಶ ಸಿಗುವುದೇ ಕಷ್ಟವಾಯಿತು. ಆಮೇಲೆ ಸಿಕ್ಕಿತು, ಸಿಕ್ಕಿದ್ದನ್ನು ಬಿಡಲಿಲ್ಲ.

ಈಗ ಒಂದು ಪಂದ್ಯದ ಬಗ್ಗೆ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಅವನ ಆಟ ಏನು ಅಂತ ಗೊತ್ತಾಗದೆ ಹಾಡಿನ ಮಾತು ಆಡಿ ಪ್ರಯೋಜನ ಇಲ್ಲ.

2005ರ ಸೆಪ್ಟೆಂಬರ್ 24, ಓಲ್ಡ್ ಟ್ರಾಫರ್ಡ್. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಅವರದೇ ಮೈದಾನದಲ್ಲಿ. ಗೋಲಿನಲ್ಲಿ ನೆದರ್ಲೆಂಡ್ಸ್‌ನ ಫಾನ್ ಡರ್ ಸಾರ್. ಮೊದಲರ್ಧದಲ್ಲಿ ಬ್ಲ್ಯಾಕ್‌ಬರ್ನ್‌ಗೆ ಒಂದು ಫ್ರೀ ಕಿಕ್ ಸಿಕ್ಕಿತು, ಅಂದರೆ ಎದುರಾಳಿಯ ತಪ್ಪಿಗೆ ನಿಂತ ಚೆಂಡನ್ನು ಒದೆಯುವ ಅವಕಾಶ. ಗಾಮ್ಸ್ಟ್ ಎಡಗಾಲಿನಿಂದ ಒಳಕ್ಕೆ ಬಾಗುವಂತೆ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸಿದ. ಇಂಥ ಚೆಂಡು ಬಂದಾಗ ಗೋಲ್‌ಕೀಪರ್‌ನ ಕಷ್ಟ ಏನು ಗೊತ್ತಾ? ಗುಂಪಿನಲ್ಲಿ ಯಾರಾದರೂ ತಲೆ ತಾಗಿಸಿದರೆ ಅದು ಒಂದು ಕಡೆ ಹೋಗುತ್ತೆ, ಯಾರೂ ತಾಗಿಸದಿದ್ದರೆ ನೇರವಾಗಿ ದೂರದ ಕಂಬದ ಕಡೆಗೆ ಹೋಗುತ್ತೆ. ತಾಗುತ್ತೋ ಇಲ್ಲವೋ ಅಂತ ಅವನು ಕಾಯಲೇಬೇಕು. ಕಾದರೆ ಹೊತ್ತು ಮೀರುತ್ತೆ. ಮೊದಲೇ ಹಾರಿದರೆ ಇನ್ನೊಂದು ಬದಿ ಖಾಲಿ. ಅವತ್ತು ಯಾರೂ ತಾಗಿಸಲಿಲ್ಲ. ಚೆಂಡು ಎಲ್ಲರನ್ನೂ ದಾಟಿ ಸೀದಾ ಒಳಗೆ ಹೋಯಿತು.

ಇದನ್ನು ಅದೃಷ್ಟ ಅನ್ನುವವರು ಇದ್ದಾರೆ. ನಾನು ಒಪ್ಪಲ್ಲ. ಚೆಂಡಿನ ವೇಗ, ಎತ್ತರ, ಬಾಗುವ ರೀತಿ ಮೂರೂ ಸರಿ ಇದ್ದರೆ ಮಾತ್ರ ಕೀಪರ್ ಈ ಸಂದಿಗ್ಧಕ್ಕೆ ಬೀಳ್ತಾನೆ. ಸ್ವಲ್ಪ ನಿಧಾನವಾದರೂ ಆರಾಮಾಗಿ ಹಿಡಿದುಬಿಡ್ತಾನೆ. ಎರಡನೇ ಅರ್ಧದಲ್ಲಿ ಯುನೈಟೆಡ್‌ನ ಫಾನ್ ನಿಸ್ಟಲ್‌ರೂಯ್ ಸಮ ಮಾಡಿದ. ಪಂದ್ಯ ಮುಗಿಯಲು ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ ಗಾಮ್ಸ್ಟ್ ಮತ್ತೆ ಹೊಡೆದ. 2–1. ಆ ಸೀಸನ್‌ನಲ್ಲಿ ಬ್ಲ್ಯಾಕ್‌ಬರ್ನ್ ಲೀಗ್‌ನಲ್ಲಿ 6ನೇ ಸ್ಥಾನಕ್ಕೆ ಬಂದು ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು. ಫ್ರೀ ಕಿಕ್, ಕಾರ್ನರ್, ಕ್ರಾಸ್, ಎಲ್ಲಕ್ಕೂ ಅವನೇ. ಇದರ ಜೊತೆಗೆ ಲಾಂಗ್ ಥ್ರೋ ಬೇರೆ. ಬದಿಗೆರೆಯಿಂದ ಕೈಯಲ್ಲೇ ಗೋಲಿನ ಮುಂದಕ್ಕೆ ಎಸೆಯುತ್ತಿದ್ದ.

ನೆನಪಿಡಿ, ಹಾಡು ಬಂದದ್ದು ಈ ಹೊತ್ತಿನಲ್ಲಿ. ಆಟ ಕೈಕೊಟ್ಟ ಮೇಲೆ ಅಲ್ಲ.

2005ರ ನವೆಂಬರ್‌ನಲ್ಲಿ ನಾರ್ವೆಗೆ ಒಂದು ದೊಡ್ಡ ಪೆಟ್ಟು ಬಿತ್ತು. 2006ರ ವಿಶ್ವಕಪ್‌ಗೆ ಹೋಗಲು ಚೆಕ್ ಗಣರಾಜ್ಯದ ವಿರುದ್ಧ ಎರಡು ಪ್ಲೇ–ಆಫ್ ಪಂದ್ಯ. ಎರಡನ್ನೂ 0–1ರಿಂದ ಸೋತರು. 1998ರ ನಂತರ ವಿಶ್ವಕಪ್ ನೋಡದ ದೇಶ ಮತ್ತೆ ಮನೆಯಲ್ಲೇ ಉಳಿಯಿತು. ಗಾಮ್ಸ್ಟ್ ತನ್ನ ದೇಶಕ್ಕೆ ಒಟ್ಟು 83 ಪಂದ್ಯ ಆಡಿ 17 ಗೋಲು ಹೊಡೆದ, ಆದರೆ ಒಂದೇ ಒಂದು ವಿಶ್ವಕಪ್ಪಾಗಲಿ ಯುರೋಪಿಯನ್ ಚಾಂಪಿಯನ್‌ಶಿಪ್ಪಾಗಲಿ ಆಡಲು ಸಿಗಲಿಲ್ಲ. ಆ ನೋವು ಚಿಕ್ಕದಲ್ಲ.

2006ರಲ್ಲಿ ಬಂದ ಬ್ಯಾಂಡಿನ ಹೆಸರು ದಿ ಪ್ಲೇಯರ್ಸ್. ಗಾಮ್ಸ್ಟ್ ಜೊತೆಗಿದ್ದವರು ಫ್ರೆಡ್ಡಿ ದೋಸ್ ಸಾಂತೋಸ್, ರೇಮಂಡ್ ಕ್ವಿಸ್ವಿಕ್, ಕ್ರಿಸ್ಟೋಫರ್ ಹೇಸ್ಟಾ ಮತ್ತು ಓಯ್ವಿಂಡ್ ಸ್ವೆನಿಂಗ್. ಉದ್ದೇಶ ಚಾರಿಟಿ. ಫುಟ್‌ಬಾಲ್ ಮೂಲಕ ಯುವಕರನ್ನು ಅಪರಾಧದಿಂದ ದೂರ ಇಡುವ ಕೆಲಸಕ್ಕೆ ಹಣ ಕೂಡಿಸುವುದು.

ಈ ಪಟ್ಟಿಯಲ್ಲಿ ಇಬ್ಬರ ಹೆಸರನ್ನು ಮತ್ತೆ ನೋಡಿ. ದೋಸ್ ಸಾಂತೋಸ್ ಆಡುತ್ತಿದ್ದದ್ದು ಓಸ್ಲೋದ ವೊಲೆರೆಂಗ ತಂಡಕ್ಕೆ. ಹೇಸ್ಟಾ ದಕ್ಷಿಣದ ಕ್ರಿಸ್ಟಿಯಾನ್‌ಸಾಂಡ್ ಊರಿನ ಸ್ಟಾರ್ಟ್ ತಂಡಕ್ಕೆ. 2005ರಲ್ಲಿ ನಾರ್ವೆಯ ಲೀಗ್ ಪ್ರಶಸ್ತಿಗಾಗಿ ಕೊನೆಯ ದಿನದವರೆಗೆ ಕಾದಾಡಿದ್ದು ಇದೇ ಎರಡು ತಂಡ. ರೋಸೆನ್‌ಬೋರ್ಗ್ ಎಂಬ ತಂಡ ಅದಕ್ಕೆ ಮೊದಲು ಸತತ 13 ವರ್ಷ ಗೆದ್ದಿದ್ದ ಪ್ರಶಸ್ತಿ ಅದು. ಕೊನೆಗೆ ವೊಲೆರೆಂಗ 46 ಅಂಕ, ಸ್ಟಾರ್ಟ್ 45. ಒಂದೇ ಅಂಕ! ಒಬ್ಬ ಚಾಂಪಿಯನ್, ಇನ್ನೊಬ್ಬನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ಇಬ್ಬರೂ ಒಂದೇ ಬ್ಯಾಂಡಿನಲ್ಲಿ ನಿಂತು ಹಾಡಿದರು. ನನಗೆ ಈ ಇಡೀ ಪ್ರಸಂಗದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಮೈದಾನದಲ್ಲಿ ಎದುರಾಳಿ ಎದುರಾಳಿಯೇ, ಅಲ್ಲಿ ಬಿಟ್ಟುಕೊಡಬೇಕಾಗಿಲ್ಲ. ಆದರೆ ಮೈದಾನದ ಆಚೆ ಅವನ ಜೊತೆ ನಿಲ್ಲೋಕೆ ಒಂದು ಜಾಗ ಬೇಕು. ಇವರಿಗೆ ಹಾಡು ಆ ಜಾಗ ಆಯಿತು.

ಈಗ ದೋಣಿಯ ಲೆಕ್ಕಕ್ಕೆ ಬರೋಣ. ಹಾಡು 2006ರಲ್ಲಿ. ಅದರ ನಂತರ ಗಾಮ್ಸ್ಟ್ ಬ್ಲ್ಯಾಕ್‌ಬರ್ನ್‌ನಲ್ಲಿ ಎಷ್ಟು ವರ್ಷ ಆಡಿದ? 2013ರವರೆಗೆ. ಏಳು ವರ್ಷ. 2007–08ರಲ್ಲಿ ತಂಡ 7ನೇ ಸ್ಥಾನದಲ್ಲಿತ್ತು. ಹಾಗಾದರೆ ತಂಡ ಕುಸಿದದ್ದು ಯಾವಾಗ, ಯಾಕೆ? ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತೆ.

2010ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್ ಕ್ಲಬ್ಬನ್ನು ಕೊಂಡವರು ಪುಣೆಯ ವೆಂಕೀಸ್, ಕೋಳಿ ಉದ್ಯಮದವರು. ಪ್ರೀಮಿಯರ್ ಲೀಗ್ ಕ್ಲಬ್ ಒಂದು ಭಾರತದ ಕಂಪನಿಯ ಕೈಗೆ ಬಂತು ಅಂತ ಇಲ್ಲಿ ಪತ್ರಿಕೆಗಳು ಹೆಮ್ಮೆಯಿಂದ ಬರೆದವು, ನನಗೂ ಆಗ ಖುಷಿಯಾಗಿತ್ತು. ಒಂದೇ ತಿಂಗಳಲ್ಲಿ ಅನುಭವಿ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್‌ನನ್ನು ತೆಗೆದರು. ಅವನ ಜಾಗಕ್ಕೆ ಬಂದವನು ಸ್ಟೀವ್ ಕೀನ್. ಅಭಿಮಾನಿಗಳು ಪ್ರತಿಭಟನೆಗೆ ಇಳಿದರು. 2012ರ ಮೇ 7ರಂದು ಸ್ವಂತ ಮೈದಾನದಲ್ಲಿ ವಿಗನ್ ವಿರುದ್ಧ ಸೋತು ತಂಡ ಪ್ರೀಮಿಯರ್ ಲೀಗ್‌ನಿಂದ ಹೊರಬಿದ್ದು ಎರಡನೇ ದರ್ಜೆಗೆ ಇಳಿಯಿತು. ಅವತ್ತು ಪಂದ್ಯದ ನಡುವೆ ಯಾರೋ ಒಂದು ಜೀವಂತ ಕೋಳಿಗೆ ಕ್ಲಬ್ಬಿನ ಬಾವುಟ ಹೊದಿಸಿ ಮೈದಾನಕ್ಕೆ ಬಿಟ್ಟಿದ್ದರು. 1995ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಕ್ಲಬ್ ಅದು. ಮುಂದಿನ ಒಂದೇ ಸೀಸನ್‌ನಲ್ಲಿ ಕೀನ್ ಹೋದ, ಹೆನ್ನಿಂಗ್ ಬರ್ಗ್ ಬಂದ, 57 ದಿನಕ್ಕೆ ಅವನೂ ಹೋದ, ಆಮೇಲೆ ಬಂದ ಮೈಕೆಲ್ ಆಪಲ್ಟನ್ 67 ದಿನಕ್ಕೆ ಹೋದ. ಬರ್ಗ್ ಕೂಡ ನಾರ್ವೆಯವನೇ, 1995ರ ಚಾಂಪಿಯನ್ ತಂಡದಲ್ಲಿ ಆಡಿದವನು.

ಇಷ್ಟೆಲ್ಲದರ ನಡುವೆ ಗಾಮ್ಸ್ಟ್ ಅಲ್ಲೇ ಇದ್ದ. ತಂಡ ಕೆಳಗಿಳಿದಾಗ ಬಿಟ್ಟು ಓಡಲಿಲ್ಲ, ಎರಡನೇ ದರ್ಜೆಯಲ್ಲೂ ಒಂದು ಸೀಸನ್ ಆಡಿ ಹೋದ. ಆ ಕ್ಲಬ್ ನೀರಿಗೆ ಬಿದ್ದದ್ದು ಮೇಲಿನ ಕುರ್ಚಿಗಳಲ್ಲಿ ಆದ ತೀರ್ಮಾನಗಳಿಂದ, ಎಡಬದಿಯ ಆಟಗಾರನೊಬ್ಬ ಹಾಡಿದ್ದರಿಂದ ಅಲ್ಲ.

ಆಮೇಲಿನದನ್ನು ಬೇಗ ಹೇಳ್ತೀನಿ. ಟರ್ಕಿಯ ಕಾರಾಬುಕ್‌ಸ್ಪೋರ್ ತಂಡದಲ್ಲಿ ಒಂದು ಸೀಸನ್. 2014ರಲ್ಲಿ ನಾರ್ವೆಗೆ ವಾಪಸ್, ರೋಸೆನ್‌ಬೋರ್ಗ್‌ಗೆ. ಅಲ್ಲಿ 2015, 2016 ಎರಡೂ ವರ್ಷ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ತಂಡದಲ್ಲಿದ್ದ. ಬಾಯ್‌ಬ್ಯಾಂಡ್ ಮಾಡಿ ಹತ್ತು ವರ್ಷ ಆದ ಮೇಲೆ ಸಿಕ್ಕ ಪ್ರಶಸ್ತಿಗಳು ಇವು! 2017ರಿಂದ 2019ರವರೆಗೆ ಮತ್ತೆ ಟ್ರೊಮ್ಸೊ. 2020ರಲ್ಲಿ, ನಲವತ್ತರ ಹತ್ತಿರ ಬಂದಾಗ, ತನ್ನದೇ ಫಿನ್‌ಮಾರ್ಕ್‌ನ ಆಲ್ಟಾ ತಂಡಕ್ಕೆ ಹೋದ. ಅದು ಮೂರನೇ ದರ್ಜೆಯ ಕ್ಲಬ್. ಓಲ್ಡ್ ಟ್ರಾಫರ್ಡ್‌ನಲ್ಲಿ ಎರಡು ಗೋಲು ಹೊಡೆದವನಿಗೆ ಮೂರನೇ ದರ್ಜೆಯಲ್ಲಿ ಆಡೋಕೆ ಏನು ಅಗತ್ಯ? ಆಟ ಇಷ್ಟ, ಅಷ್ಟೇ ಅನ್ನಿಸುತ್ತೆ ನನಗೆ.

ಗಾಮ್ಸ್ಟ್ ಒಬ್ಬನೇ ಹೀಗಲ್ಲ. ಹಿಂದೆಯೂ ಇದ್ದರು, ಮುಂದೆಯೂ ಬಂದರು. ಪತ್ತೇದಾರಿ ಕಾದಂಬರಿ ಓದುವವರಿಗೆ ಜೋ ನೆಸ್ಬೊ ಗೊತ್ತಿರುತ್ತಾರೆ. ಅವರು ಹದಿಹರೆಯದಲ್ಲಿ ಮೋಲ್ಡ ತಂಡಕ್ಕೆ ನಾರ್ವೆಯ ಅಗ್ರ ಲೀಗ್‌ನಲ್ಲಿ ಆಡಿದವರು. ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಿತು. ಅರ್ಥಶಾಸ್ತ್ರ ಓದಿದರು, ಷೇರು ಬ್ರೋಕರ್ ಆದರು, ಆ ಕೆಲಸದ ಜೊತೆಗೇ ಡಿ ಡೆರೆ ಅನ್ನುವ ಬ್ಯಾಂಡಿನಲ್ಲಿ ಹಾಡು ಬರೆದು ಹಾಡಿದರು. 1990ರ ದಶಕದಲ್ಲಿ ಆ ಬ್ಯಾಂಡ್ ನಾರ್ವೆಯಲ್ಲಿ ಮನೆಮಾತು. ಗಿಟಾರ್ ನುಡಿಸುತ್ತಿದ್ದ ಅವರ ತಮ್ಮ ಕ್ನುಟ್ ಕೂಡ ಫುಟ್‌ಬಾಲ್ ಆಟಗಾರ. ನೆಸ್ಬೊ ಬರವಣಿಗೆಗೆ ಬಂದದ್ದು ಇದೆಲ್ಲ ಆದ ಮೇಲೆ.

ಇನ್ನು ಹಾಲಂಡ್. 2016ರಲ್ಲಿ, ಹದಿನಾರರ ಹುಡುಗ. ನಾರ್ವೆಯ ಕಿರಿಯರ ತಂಡದ ಇಬ್ಬರು ಗೆಳೆಯರು, ಎರಿಕ್ ಬೋತ್‌ಹೈಮ್ ಮತ್ತು ಎರಿಕ್ ಟೋಬಿಯಾಸ್ ಸಾಂಡ್‌ಬರ್ಗ್, ಜೊತೆ ಸೇರಿ ಫ್ಲೋ ಕಿಂಗ್ಜ್ ಅಂತ ಹೆಸರಿಟ್ಟುಕೊಂಡು ಒಂದು ರ‍್ಯಾಪ್ ಹಾಡು ಮಾಡಿದ. ಯೂಟ್ಯೂಬ್‌ನಲ್ಲಿ ಅದನ್ನು ಜನ ಹತ್ತಾರು ಲಕ್ಷ ಸಲ ನೋಡಿದ್ದಾರೆ. ಆಗ ಯಾರಾದರೂ ದೊಡ್ಡವರು ಬಂದು, ಇದೆಲ್ಲ ಬಿಟ್ಟು ಆಟದ ಕಡೆ ಗಮನ ಕೊಡಪ್ಪ ಅಂದಿದ್ದರೆ? ಮೂರು ವರ್ಷದ ನಂತರ, 2019ರ ಮೇ 30ರಂದು, 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಹೊಂಡುರಾಸ್ ವಿರುದ್ಧ ಅವನೊಬ್ಬನೇ 9 ಗೋಲು ಹೊಡೆದ. 2022–23ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು, ಹೊಸ ದಾಖಲೆ. 2025ರ ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯನ್ನು 4–1ರಿಂದ ಸೋಲಿಸಿ ನಾರ್ವೆ 28 ವರ್ಷಗಳ ನಂತರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆ ಅರ್ಹತಾ ಸುತ್ತಿನ 8 ಪಂದ್ಯಗಳಲ್ಲಿ ಹಾಲಂಡ್ ಹೊಡೆದದ್ದು 16 ಗೋಲು.

ಬೋತ್‌ಹೈಮ್‌ನನ್ನೂ ಮರೆಯಬೇಡಿ. 2021ರ ಅಕ್ಟೋಬರ್ 21ರಂದು ಉತ್ತರ ನಾರ್ವೆಯ ಪುಟ್ಟ ಊರಿನ ಬೋಡೋ/ಗ್ಲಿಮ್ಟ್ ಎಂಬ ತಂಡ, ಹೆಸರಾಂತ ಕೋಚ್ ಮೌರಿನ್ಯೊ ಅವರ ಕೈಕೆಳಗಿದ್ದ ಇಟಲಿಯ ರೋಮಾ ತಂಡಕ್ಕೆ 6–1ರಿಂದ ಬಡಿಯಿತು. ಅದರಲ್ಲಿ ಎರಡು ಗೋಲು ಅವನದು. ಆಮೇಲೆ ರಷ್ಯಾದ ಕ್ಲಬ್ ಒಂದಕ್ಕೆ ಸಹಿ ಹಾಕಿದ, ಉಕ್ರೇನ್ ಮೇಲೆ ಯುದ್ಧ ಶುರುವಾದಾಗ ಆ ಒಪ್ಪಂದ ಮುರಿದು ಹೊರಬಂದ. ಒಂದೇ ಹಾಡು ಹಾಡಿದ ಮೂವರು ಹುಡುಗರ ದಾರಿ ಮೂರು ತರ ಆಯಿತು. ಯಾರ ದಾರಿಯನ್ನೂ ಆ ಹಾಡು ತೀರ್ಮಾನಿಸಲಿಲ್ಲ.

ಇಷ್ಟು ಪುಟ್ಟ ದೇಶದಲ್ಲಿ, ಸುಮಾರು 55 ಲಕ್ಷ ಜನ ಇರುವ ಕಡೆ, ಇದು ಮತ್ತೆ ಮತ್ತೆ ಯಾಕೆ ಕಾಣಿಸುತ್ತೆ? ಒಂದು ಕಾರಣ ಬಾಲ್ಯದಲ್ಲಿದೆ ಅಂತ ನಾನು ನಂಬ್ತೀನಿ. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮ ಮಾಡಿತು. ಇವತ್ತಿನ ನಿಯಮ ಹೀಗಿದೆ: ಮಗುವಿಗೆ 11 ತುಂಬುವ ವರ್ಷದವರೆಗೆ ಅಂಕಪಟ್ಟಿ, ರ‍್ಯಾಂಕಿಂಗ್ ಇಲ್ಲ. 13ಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಒಂದೇ ಆಟಕ್ಕೆ ಅಂಟಿಕೊಳ್ಳಬೇಕು ಅನ್ನುವ ಒತ್ತಡ ಇಲ್ಲ. ಇನ್ನೊಂದು ಕಡೆ, ಪ್ರತಿಯೊಂದು ಸ್ಥಳೀಯ ಆಡಳಿತವೂ ಮಕ್ಕಳಿಗೆ ಸಂಗೀತ, ಕಲೆ ಕಲಿಸುವ ಶಾಲೆ ನಡೆಸಬೇಕು ಅಂತ 1997ರಲ್ಲಿ ಕಾನೂನೇ ಬಂತು. ಮೇ 17ರ ರಾಷ್ಟ್ರೀಯ ದಿನ ಊರೂರಲ್ಲೂ ಶಾಲಾ ಮಕ್ಕಳು ಬ್ಯಾಂಡ್ ಬಾರಿಸಿಕೊಂಡು ಮೆರವಣಿಗೆ ಹೋಗ್ತಾರೆ. ಬೆಳಿಗ್ಗೆ ಕಹಳೆ ಊದಿದ ಮಗುವೇ ಸಂಜೆ ಚೆಂಡು ಒದೆಯುತ್ತೆ. ಅಲ್ಲಿ ಯಾರಿಗೂ ಇದು ವಿಶೇಷ ಅಂತ ಅನ್ನಿಸಲ್ಲ. ನಮ್ಮಲ್ಲಿ ಎಂಟನೇ ಕ್ಲಾಸಿಗೆ ಬಂದ ಕೂಡಲೇ ಸಂಗೀತದ ಕ್ಲಾಸ್ ಬಿಡಿಸ್ತೀವಿ, ಹತ್ತಕ್ಕೆ ಆಟ ಬಿಡಿಸ್ತೀವಿ. ಬಿಡಿಸಿದ್ದರಿಂದ ಮಾರ್ಕ್ಸ್ ಎಷ್ಟು ಜಾಸ್ತಿ ಬಂತು ಅಂತ ಯಾರೂ ಲೆಕ್ಕ ಕೇಳಲ್ಲ. ಇದು ನನಗೆ ನಿಜವಾಗಿಯೂ ಸಂಕಟ ಕೊಡುವ ವಿಷಯ.

ಪ್ರಶ್ನೆಗಳು ಬಂದವು. ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಅವರು ನಿಜವಾಗಿ ಚೆನ್ನಾಗಿ ಹಾಡ್ತಿದ್ರಾ?"

ನಾನು ಹೇಳಿದ್ದು ಇಷ್ಟು. ಅವರು ವೃತ್ತಿಪರ ಗಾಯಕರಲ್ಲ, ಹಾಗಂತ ಹೇಳಿಕೊಳ್ಳಲೂ ಇಲ್ಲ. ಅವರ ಮುಂದೆ ಇದ್ದದ್ದು ಒಂದು ಒಳ್ಳೆಯ ಕೆಲಸ, ಅದಕ್ಕೆ ಜನ ತಿರುಗಿ ನೋಡಬೇಕಿತ್ತು. ಆಟಗಾರರು ಹಾಡಿದರೆ ಜನ ನೋಡ್ತಾರೆ. ಅದಕ್ಕಾಗಿ ಐದು ಜನ ತಮಗೆ ಪಳಗದ ಕೆಲಸಕ್ಕೆ ಎಲ್ಲರೆದುರು ನಿಂತರು. ಗೋಲು ತಪ್ಪಿದರೆ ಮುಂದಿನ ವಾರ ಇನ್ನೊಂದು ಪಂದ್ಯ ಇರುತ್ತೆ, ಹಾಡಿದ ವಿಡಿಯೊ ಮಾತ್ರ ಶಾಶ್ವತ. ಅದಕ್ಕೆ ಧೈರ್ಯ ಬೇಕು ಅಲ್ವಾ?

ಇನ್ನೊಬ್ಬಳು ಕೇಳಿದಳು: "ನಾನು ಕಾಲೇಜ್ ಫುಟ್‌ಬಾಲ್ ಟೀಮ್‌ನಲ್ಲಿದ್ದೀನಿ, ಹಾಡ್ತೀನಿ ಕೂಡ. ಮನೆಯಲ್ಲಿ ಒಂದನ್ನ ಬಿಡು ಅಂತಾರೆ. ಏನು ಹೇಳಲಿ?"

ಮನೆಯವರಿಗೆ ಭಾಷಣ ಮಾಡಬೇಡಮ್ಮ ಅಂದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು 2005ರ ಓಲ್ಡ್ ಟ್ರಾಫರ್ಡ್ ಪಂದ್ಯದ ಆ ಫ್ರೀ ಕಿಕ್ ತೋರಿಸು. ಆಮೇಲೆ ದಿ ಪ್ಲೇಯರ್ಸ್ ಹಾಡು ಹಾಕು. ಎರಡರಲ್ಲೂ ಇರುವವನು ಒಬ್ಬನೇ ಅಂತ ಹೇಳು, ಹಾಡಿನ ನಂತರ ಅವನು ಬ್ಲ್ಯಾಕ್‌ಬರ್ನ್‌ನಲ್ಲಿ ಏಳು ವರ್ಷ ಆಡಿದ ಅಂತಲೂ ಹೇಳು. ಬರುವ ಶನಿವಾರ ಪಂದ್ಯ ಇದೆ ಅಂದೆಯಲ್ಲ, ಅದಕ್ಕೂ ಅವರನ್ನು ಕರೆದುಕೊಂಡು ಬಾ.